ಫುಟ್‌ಬಾಲ್ ಮ್ಯಾನೇಜರ್: ಹುಡುಗರನ್ನು ಬೆಳೆಸುವ ಆಟ

(ರಿಯಾದಿನಲ್ಲಿ ನಮ್ಮ ಬಳಗದ ಶುಕ್ರವಾರ ಸಂಜೆಯ ಮಾತುಕತೆಯಲ್ಲಿ ಆಡಿದ ಮಾತುಗಳನ್ನು ಸ್ವಲ್ಪ ತಿದ್ದಿ ಇಲ್ಲಿ ಬರೆದುಕೊಟ್ಟಿದ್ದೇನೆ.)



ಕಳೆದ ತಿಂಗಳು ಕಾರ್ಯದರ್ಶಿಗಳು ಫೋನ್ ಮಾಡಿ, "ಈ ಸಲ ನೀವು ಮಾತಾಡಬೇಕು, ಯಾವ ವಿಷಯ ಆದರೂ ಆಗಬಹುದು" ಅಂದರು. "ವಿಡಿಯೊ ಗೇಮ್ ಬಗ್ಗೆ ಮಾತಾಡ್ತೇನೆ" ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಲೈನ್ ಕಟ್ ಆಯಿತೇನೋ ಅಂತ ನಾನು ಹಲೋ ಹಲೋ ಅಂದೆ. ಆಮೇಲೆ ಅವರು ಮೆಲ್ಲಗೆ, "ಮಕ್ಕಳು ಅದನ್ನು ಆಡಬಾರದು ಅಂತ ಹೇಳ್ತೀರಿ ಅಲ್ವಾ?" ಅಂತ ಕೇಳಿದರು. "ಇಲ್ಲ ಮಾರಾಯ್ರೇ, ಆಡುದು ನಾನೇ" ಅಂದೆ.

ನನ್ನ ವಿಷಯ ನಿಮಗೆಲ್ಲ ಗೊತ್ತುಂಟು. ಈ ಊರಿಗೆ ಬಂದು 16 ವರ್ಷ ಆಯಿತು. ಕಟ್ಟಡದ ಕಂಪನಿಯೊಂದರ ಸ್ಟೋರಿನಲ್ಲಿ ಕೆಲಸ. ಪೈಪು, ಕೇಬಲ್ಲು, ಸಿಮೆಂಟು ಎಷ್ಟು ಬಂತು, ಎಷ್ಟು ಹೋಯಿತು, ಲೆಕ್ಕ ಇಡುವುದು. ಹೆಂಡತಿ, ಮಗ ಮಂಗಳೂರಿನಲ್ಲಿ ಇದ್ದಾರೆ. ವರ್ಷಕ್ಕೊಮ್ಮೆ, ಕೆಲವು ಸಲ ಎರಡು ವರ್ಷಕ್ಕೊಮ್ಮೆ ರಜೆ. ಇಲ್ಲಿ ಕುಳಿತ ಹೆಚ್ಚಿನವರದ್ದೂ ಇದೇ ಕಥೆ.

ಮಗನಿಗೆ ಫುಟ್‌ಬಾಲ್ ಹುಚ್ಚು ಹಿಡಿಸಿದ್ದು ನಾನೇ. 2023ರ ಮಾರ್ಚ್ 4ರಂದು ಇದೇ ರಿಯಾದಿನ ಕಿಂಗ್ ಫಹದ್ ಸ್ಟೇಡಿಯಂನಲ್ಲಿ ಸಂತೋಷ್ ಟ್ರೋಫಿ ಫೈನಲ್ ನಡೆಯಿತು. ಕರ್ನಾಟಕ, ಮೇಘಾಲಯ. ನಮ್ಮಲ್ಲಿ ಕೆಲವರು ಹೋಗಿದ್ದೆವು. ಕರ್ನಾಟಕ 3-2ರಿಂದ ಗೆದ್ದಿತು. ನಮ್ಮ ರಾಜ್ಯಕ್ಕೆ ಮೈಸೂರು ಅಂತ ಹೆಸರಿದ್ದಾಗ 1968-69ರಲ್ಲಿ ಗೆದ್ದದ್ದೇ ಕೊನೆ. 54 ವರ್ಷ ಆದ ಮೇಲೆ, ಊರು ಬಿಟ್ಟು ನಾವು ದುಡಿಯುವ ಜಾಗದಲ್ಲಿ ಬಂದು ಗೆದ್ದರು. ಆ ರಾತ್ರಿ ಮಗನಿಗೆ ಒಂದರ ಮೇಲೊಂದು ವಿಡಿಯೊ ಕಳಿಸಿದೆ. ಅದಕ್ಕೂ ಮೊದಲು ನಮ್ಮ ಫೋನ್ ಮಾತು ಅಂದರೆ ಮೂರೇ ಪ್ರಶ್ನೆ: ಊಟ ಆಯ್ತಾ, ಹೋಮ್‌ವರ್ಕ್ ಆಯ್ತಾ, ಟೆಸ್ಟಿನಲ್ಲಿ ಎಷ್ಟು ಬಂತು. ಅದರ ನಂತರ ಮಾತಾಡಲಿಕ್ಕೆ ಒಂದು ವಿಷಯ ಸಿಕ್ಕಿತು. ಮುಂದಿನ ರಜೆಯಲ್ಲಿ ಹೋದಾಗ ಅವನೇ ನನಗೆ ಈ ಗೇಮ್ ತೋರಿಸಿದ. ಈಗ ಅವನು ಅಲ್ಲಿ, ನಾನು ಇಲ್ಲಿ, ಇಬ್ಬರೂ ನಮ್ಮ ನಮ್ಮ ಕ್ಲಬ್ ನಡೆಸುತ್ತೇವೆ. ರಾತ್ರಿ ಫೋನಿನಲ್ಲಿ ವರದಿ ಒಪ್ಪಿಸುತ್ತೇವೆ.

ಗೇಮಿನ ಹೆಸರು ಫುಟ್‌ಬಾಲ್ ಮ್ಯಾನೇಜರ್. ಇದರಲ್ಲಿ ನಾವು ಚೆಂಡು ಒದೆಯುವುದೇ ಇಲ್ಲ. ನಾವು ತಂಡದ ಮ್ಯಾನೇಜರ್. ಯಾರನ್ನು ಕೊಳ್ಳಬೇಕು, ಯಾರನ್ನು ಆಡಿಸಬೇಕು, ಯಾರಿಗೆ ಎಷ್ಟು ಸಂಬಳ, ಯಾರಿಗೆ ಯಾವ ತರಬೇತಿ, ಇದೆಲ್ಲ ನಮ್ಮ ತೀರ್ಮಾನ. ಮ್ಯಾಚ್ ಶುರುವಾದರೆ ಗೆರೆಯ ಹೊರಗೆ ನಿಂತು ಕೂಗುವುದಷ್ಟೇ. ಪರದೆ ತುಂಬ ಪಟ್ಟಿ, ನಂಬರು. ನನ್ನ ರೂಮಿನವರೊಬ್ಬರು ಹಿಂದಿನಿಂದ ಇಣುಕಿ ನೋಡಿ, "ಶುಕ್ರವಾರವೂ ಸ್ಟಾಕ್ ರಿಜಿಸ್ಟರ್ ಬಿಡುದಿಲ್ವಾ ನೀನು?" ಅಂದಿದ್ದರು.

ಇದನ್ನು ಶುರು ಮಾಡಿದವರು ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲಿಯರ್ ಎಂಬ ಅಣ್ಣತಮ್ಮಂದಿರು. 1992ರಲ್ಲಿ ಚಾಂಪಿಯನ್‌ಶಿಪ್ ಮ್ಯಾನೇಜರ್ ಅಂತ ಬಂತು. 2004ರಿಂದ ಫುಟ್‌ಬಾಲ್ ಮ್ಯಾನೇಜರ್ ಅಂತ ಬರ್ತಾ ಉಂಟು. ನಿಜವಾದ ಆಟಗಾರರ ವಿವರ ಕಲೆಹಾಕಲು ದೇಶ ದೇಶಗಳಲ್ಲಿ ಅವರ ಜನ ಮ್ಯಾಚ್ ನೋಡಿ ಅಂಕ ಬರೆದು ಕಳಿಸುತ್ತಾರೆ. 2008ರಲ್ಲಿ ಎವರ್ಟನ್ ಕ್ಲಬ್ಬು ಆಟಗಾರರನ್ನು ಹುಡುಕಲು ಈ ಗೇಮಿನ ಮಾಹಿತಿಯನ್ನೇ ಬಳಸುವ ಒಪ್ಪಂದ ಮಾಡಿಕೊಂಡಿತು ಅಂದರೆ ಆ ಲೆಕ್ಕ ಎಷ್ಟು ಗಟ್ಟಿ ಅಂತ ನೋಡಿ. ನಾನು ಆಡುವುದು 2024ರ ಆವೃತ್ತಿ.

ಇವತ್ತು ನಾನು ಹೇಳಲು ಹೊರಟದ್ದು ಇಡೀ ಗೇಮಿನ ಬಗ್ಗೆ ಅಲ್ಲ. ಅದರೊಳಗಿನ ಒಂದೇ ಕೆಲಸದ ಬಗ್ಗೆ: ಹುಡುಗರನ್ನು ಬೆಳೆಸುವುದು.

ಗೇಮಿನಲ್ಲಿ ಪ್ರತಿ ಆಟಗಾರನ ಪ್ರತಿಯೊಂದು ಕೌಶಲಕ್ಕೂ 1ರಿಂದ 20ರ ತನಕ ಅಂಕ ಉಂಟು. ಓಟ, ಪಾಸಿಂಗ್, ಹೆಡಿಂಗ್, ಧೈರ್ಯ, ಛಲ, ಹೀಗೆ. ಇವೆಲ್ಲದರ ಹಿಂದೆ ನಮಗೆ ಕಾಣದ ಎರಡು ದೊಡ್ಡ ನಂಬರು. ಒಂದು ಕರೆಂಟ್ ಎಬಿಲಿಟಿ, ಅಂದರೆ ಇವತ್ತಿನ ಸಾಮರ್ಥ್ಯ. ಇನ್ನೊಂದು ಪೊಟೆನ್ಶಿಯಲ್ ಎಬಿಲಿಟಿ, ಅಂದರೆ ಅವನು ಹೆಚ್ಚೆಂದರೆ ಎಲ್ಲಿಗೆ ಮುಟ್ಟಬಹುದು ಎಂಬುದು. ಎರಡೂ 1ರಿಂದ 200ರ ಒಳಗೆ. ಹುಡುಗನ ಪೊಟೆನ್ಶಿಯಲ್ 120 ಅಂತ ಇದ್ದರೆ ನೀವು ತಲೆಕೆಳಗಾಗಿ ನಿಂತರೂ ಅವನು 121 ಆಗುವುದಿಲ್ಲ. ಆದರೆ 120 ಆಗಿಯೇ ಆಗ್ತಾನೆ ಅಂತಲೂ ಇಲ್ಲ. 80ರಲ್ಲೇ ನಿಂತುಹೋಗುವವರೇ ಹೆಚ್ಚು. ಆ ನಡುವಿನ 40 ಇದೆಯಲ್ಲ, ಅದು ಮ್ಯಾನೇಜರನ ಕೈಯಲ್ಲಿ.

ಈ ನಂಬರು ನಮಗೆ ಕಾಣುವುದಿಲ್ಲ ಅಂದೆನಲ್ಲ. ನಮಗೆ ಕಾಣುವುದು ಕೋಚುಗಳು ಕೊಡುವ ಸ್ಟಾರ್ ಮಾತ್ರ. ಹೊಸಬರು ಇಲ್ಲಿಯೇ ಮೋಸ ಹೋಗುವುದು. ಆ ಸ್ಟಾರು ನಮ್ಮ ತಂಡಕ್ಕೆ ಹೋಲಿಸಿ ಕೊಟ್ಟದ್ದು. ಬಡ ತಂಡದಲ್ಲಿ ನಾಲ್ಕು ಸ್ಟಾರ್ ಇದ್ದ ಹುಡುಗ ಒಳ್ಳೆಯ ತಂಡಕ್ಕೆ ಹೋದರೆ ಎರಡೇ ಸ್ಟಾರ್. ಹುಡುಗ ಅವನೇ, ಸುತ್ತ ನಿಂತವರು ಬೇರೆ. ಮೇಲಾಗಿ, ನೋಡುವ ಕೋಚಿಗೆ ಪ್ರತಿಭೆ ಗುರುತಿಸುವ ಕಣ್ಣಿಲ್ಲದಿದ್ದರೆ ಅವನು ಕೊಟ್ಟ ಸ್ಟಾರೂ ತಪ್ಪು.

ಹೊಸ ಹುಡುಗರು ವರ್ಷಕ್ಕೊಮ್ಮೆ ಬರುತ್ತಾರೆ. ಇಂಗ್ಲೆಂಡಿನ ಕ್ಲಬ್ಬಾದರೆ ಸಾಮಾನ್ಯವಾಗಿ ಮಾರ್ಚಿನಲ್ಲಿ. 15, 16 ವಯಸ್ಸಿನವರ ಒಂದು ತಂಡ, ಶಾಲೆಗೆ ಹೊಸ ಅಡ್ಮಿಶನ್ ಆದ ಹಾಗೆ. ಇವರು ನಿಜವಾದವರಲ್ಲ, ಕಂಪ್ಯೂಟರ್ ಹುಟ್ಟಿಸಿದವರು. ಆದರೂ ಹೆಸರು, ಮುಖ, ಗುಣ ಎಲ್ಲ ಉಂಟು.

ನನ್ನದು ಇಂಗ್ಲೆಂಡಿನ ನಾಲ್ಕನೇ ದರ್ಜೆಯ ಒಂದು ಬಡ ಕ್ಲಬ್ಬು. ಮೊದಲ ಮೂರು ಸೀಸನ್ನಿನಲ್ಲಿ ಮಾಡಬಾರದ್ದನ್ನೆಲ್ಲ ಮಾಡಿದೆ. ಸ್ಟಾರ್ ಹೆಚ್ಚಿದ್ದ 16ರ ಹುಡುಗನನ್ನು ಸೀದಾ ದೊಡ್ಡವರ ತಂಡಕ್ಕೆ ಹಾಕಿದೆ, ಎರಡೇ ತಿಂಗಳಲ್ಲಿ ಮೊಣಕಾಲು ಹೋಯಿತು. ಇನ್ನೊಬ್ಬನನ್ನು ಜೋಪಾನ ಮಾಡುತ್ತೇನೆ ಅಂತ 21ರ ತನಕ ಹುಡುಗರ ತಂಡದಲ್ಲೇ ಇಟ್ಟೆ, ಉಪ್ಪಿನಕಾಯಿ ಭರಣಿಯಲ್ಲಿ ಇಟ್ಟ ಹಾಗೆ. ಅವನು ಬೆಳೆಯಲೇ ಇಲ್ಲ. ಮಗ ಫೋನಿನಲ್ಲಿ ನಗುತ್ತಿದ್ದ. ಅವನ ಕ್ಲಬ್ಬು ಆಗಲೇ ಎರಡು ದರ್ಜೆ ಮೇಲೆ ಹೋಗಿತ್ತು. ಹಾಗಾಗಿ ನಾನೀಗ ಹೇಳುವ ಐದು ಪಾಠದಲ್ಲಿ ಮೂರು ಅವನಿಂದ ಕಲಿತದ್ದು.

ಒಂದನೆಯದು, ದುಡ್ಡು ಎಲ್ಲಿ ಹಾಕಬೇಕು ಅಂತ. ಹುಡುಗರಿಗೆ ಸಂಬಂಧಪಟ್ಟು ಮೂರು ಬೇರೆ ಬೇರೆ ಖರ್ಚು ಉಂಟು. ಹುಡುಗರನ್ನು ಹುಡುಕುವ ಜಾಲ. ಅವರು ನಮ್ಮಲ್ಲಿಗೆ ಬರುವ ಮೊದಲೇ ಸಿಗುವ ಬಾಲಪಾಠದ ಕೋಚಿಂಗ್. ಬಂದ ಮೇಲೆ ಅವರು ಬೆಳೆಯುವ ಮೈದಾನ, ಜಿಮ್ಮು, ಸೌಕರ್ಯ. ಬಲೆ ಎಷ್ಟು ಅಗಲ, ಮೀನು ಎಷ್ಟು ಒಳ್ಳೆಯದು, ಕೆರೆ ಎಷ್ಟು ಸ್ವಚ್ಛ, ಹೀಗೆ ಮೂರು. ನಾನು ಜಾಲಕ್ಕೆ ದುಡ್ಡು ಸುರಿದು ಸೌಕರ್ಯ ಮರೆತೆ. ಒಳ್ಳೆಯ ಹುಡುಗರು ಬಂದರು, ಬಂದಲ್ಲೇ ಉಳಿದರು. ಇನ್ನೊಂದು: ಹುಡುಗರ ವಿಭಾಗದ ಮುಖ್ಯಸ್ಥ ಅಂತ ಒಬ್ಬರನ್ನು ನೇಮಿಸಬೇಕು. ಅವರ ಸ್ವಭಾವ ಹೇಗೋ ಬರುವ ಹುಡುಗರ ಸ್ವಭಾವವೂ ಸುಮಾರಾಗಿ ಹಾಗೆ. ಕಡಿಮೆ ಸಂಬಳಕ್ಕೆ ಸಿಕ್ಕಿದ ಅಂತ ಒಬ್ಬ ಉದಾಸೀನದ ಮನುಷ್ಯನನ್ನು ಇಟ್ಟುಕೊಂಡು ನಾನು ಎರಡು ವರ್ಷ ಉದಾಸೀನದ ಹುಡುಗರನ್ನು ಪಡೆದೆ.

ನಿಜ ಜೀವನದಲ್ಲೂ ಹೀಗೇ. ಬಾರ್ಸಿಲೋನಾ 1979ರಲ್ಲಿ ಲಾ ಮಾಸಿಯಾ ಎಂಬ ಹಳೇ ತೋಟದ ಮನೆಯಲ್ಲಿ ಹುಡುಗರನ್ನು ಇಟ್ಟುಕೊಂಡು ಬೆಳೆಸಲು ಶುರು ಮಾಡಿತು. 2010ರಲ್ಲಿ ಜಗತ್ತಿನ ಅತ್ಯುತ್ತಮ ಆಟಗಾರ ಯಾರು ಅಂತ ಆರಿಸುವಾಗ ಕೊನೆಗೆ ಉಳಿದ ಮೂವರೂ, ಮೆಸ್ಸಿ, ಇನಿಯೆಸ್ಟಾ, ಚಾವಿ, ಅಲ್ಲಿಂದಲೇ ಬಂದವರು. ನಡುವೆ 31 ವರ್ಷ. ನಮ್ಮ ಪಕ್ಕದ ಕತಾರ್ ನೋಡಿ. 2004ರಲ್ಲಿ ದೋಹಾದಲ್ಲಿ ಆಸ್ಪೈರ್ ಅಕಾಡೆಮಿ ಮಾಡಿದರು. 2019ರ ಏಷ್ಯಾ ಕಪ್ ಫೈನಲಿನಲ್ಲಿ ಜಪಾನನ್ನು 3-1ರಿಂದ ಸೋಲಿಸಿದ ತಂಡದಲ್ಲಿ ಆ ಅಕಾಡೆಮಿಯ ಹುಡುಗರೇ ತುಂಬಿದ್ದರು. ದುಡ್ಡಿದ್ದ ದೇಶಕ್ಕೂ 15 ವರ್ಷ ಬೇಕಾಯಿತು.

ಎರಡನೆಯದು, ಗುಣ. ಗೇಮಿನಲ್ಲಿ ವೃತ್ತಿನಿಷ್ಠೆ ಅಂತ ಒಂದು ಅಂಕ ಅಡಗಿಸಿ ಇಟ್ಟಿದ್ದಾರೆ. ಹುಡುಗನ ವ್ಯಕ್ತಿತ್ವಕ್ಕೆ ಕೊಟ್ಟ ಒಂದೆರಡು ಶಬ್ದ ನೋಡಿ ನಾವು ಅದನ್ನು ಊಹಿಸಬೇಕು. ಮಾದರಿ ವೃತ್ತಿಪರ ಅಂತ ಇದ್ದರೆ ಚಿನ್ನ. ಸಡಿಲ ಅಂತ ಇದ್ದರೆ ಕಷ್ಟ. ವೃತ್ತಿನಿಷ್ಠೆ, ಛಲ, ಮೇಲೆ ಬರುವ ಆಸೆ ಈ ಮೂರು ಇದ್ದ 110ರ ಹುಡುಗ, ಇಲ್ಲದ 150ರ ಹುಡುಗನನ್ನು ಹಿಂದೆ ಹಾಕುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ. ಓಟದ ಅಂಕ ನೋಡಿ ಮರುಳಾಗಬಾರದು. ಮೊದಲು ಗುಣದ ಸಾಲು ಓದಬೇಕು.

ಮೂರನೆಯದು, ಹಿರಿಯರು. ಗುಣ ಹುಟ್ಟಿನಿಂದ ಬಂದದ್ದು, ಬದಲಾಗುವುದಿಲ್ಲ ಅಂತ ನಾನು ತಿಳಿದಿದ್ದೆ. ಅದು ತಪ್ಪು. 2019ರ ಆವೃತ್ತಿಯಿಂದ ಮೆಂಟರಿಂಗ್ ಗುಂಪು ಅಂತ ಉಂಟು. ಕನಿಷ್ಠ ಮೂವರ ಗುಂಪು. ಒಬ್ಬಿಬ್ಬರು ಹಿರಿಯರ ಜೊತೆ ಹುಡುಗನನ್ನು ಸೇರಿಸಬೇಕು. ತಿಂಗಳು ತಿಂಗಳು ಹೋದ ಹಾಗೆ ಹಿರಿಯರ ಸ್ವಭಾವ ಅವನಿಗೆ ಮೆಲ್ಲಗೆ ಅಂಟುತ್ತದೆ. ಆದರೆ ಒಳ್ಳೆಯದೇ ಅಂಟಬೇಕು ಅಂತ ಇಲ್ಲ. ಚೆನ್ನಾಗಿ ಆಡುವ, ಆದರೆ ಸೋಮಾರಿಯಾದ ಹಿರಿಯನ ಜೊತೆ ಹಾಕಿದರೆ ಸೋಮಾರಿತನವೂ ಅಂಟುತ್ತದೆ. ತಂಡದಲ್ಲಿ ಹೆಚ್ಚು ಮಾತು ನಡೆಯುವವನ ಪ್ರಭಾವವೇ ಹೆಚ್ಚು. ಹಾಗಾಗಿ 34 ವಯಸ್ಸಿನ, ಓಡಲಿಕ್ಕಾಗದ ಒಬ್ಬ ಹಳೇ ಆಟಗಾರನನ್ನು ನಾನು ಬರೀ ಈ ಕೆಲಸಕ್ಕೆ ಅಂತ ಇಟ್ಟುಕೊಂಡೆ. ವರ್ಷಕ್ಕೆ ಐದು ಮ್ಯಾಚ್ ಆಡಿದ. ಅವನ ಗುಂಪಿನಿಂದ ಮೂವರು ಹುಡುಗರು ಮೇಲೆ ಬಂದರು.

ಇದು ಓದಿದಾಗ ನನಗೆ ನಮ್ಮ ಸ್ಟೋರು ನೆನಪಾಯಿತು. ಊರಿಂದ ಹೊಸ ಹೆಲ್ಪರ್ ಬಂದರೆ ಅವನನ್ನು ಖಾಲಿ ಇದ್ದ ರೂಮಿಗೆ ಹಾಕುತ್ತೇವೆ. ಆ ರೂಮಿನಲ್ಲಿ ಯಾರಿದ್ದಾರೆ ಅಂತ ನೋಡುವುದಿಲ್ಲ. ಬರೀ ಕಂಪನಿಯನ್ನು ಬೈಯುವವರ ರೂಮಿಗೆ ಹೋದವನು ಆರು ತಿಂಗಳಲ್ಲಿ ಕೆಲಸ ಕಲಿಯುವ ಮೊದಲೇ ಬೈಯಲು ಕಲಿತಿರುತ್ತಾನೆ. ಫೋರ್ಕ್‌ಲಿಫ್ಟ್ ಲೈಸೆನ್ಸಿಗೆ ಓದುವವನ ರೂಮಿಗೆ ಹೋದವನು ಅದನ್ನೇ ಕೇಳುತ್ತಾನೆ. ಈಗ ನಾನು ರೂಮು ಹಂಚುವ ನಮ್ಮ ಕ್ಯಾಂಪ್ ಬಾಸಿನ ಹತ್ತಿರ ಒಂದು ಮಾತು ಹೇಳಿ ಬರುತ್ತೇನೆ. ಗೇಮಿನಿಂದ ಕಲಿತದ್ದು ಅಂತ ಮಾತ್ರ ಹೇಳಲಿಲ್ಲ.

ನಾಲ್ಕನೆಯದು, ಮ್ಯಾಚು. 18ರ ತನಕ ಒಳ್ಳೆಯ ತರಬೇತಿ ಮುಖ್ಯ. ಅದು ದಾಟಿದ ಮೇಲೆ ನಿಜವಾದ ಮ್ಯಾಚ್ ಬೇಕು. ನಮ್ಮ ತಂಡದಲ್ಲಿ ಜಾಗ ಇಲ್ಲದಿದ್ದರೆ ಚಿಕ್ಕ ಕ್ಲಬ್ಬಿಗೆ ಲೋನ್ ಮೇಲೆ ಕಳಿಸಬೇಕು. ದೊಡ್ಡ ಹೆಸರಿನ ಕ್ಲಬ್ಬಿನ ಬೆಂಚಿನಲ್ಲಿ ಕೂರುವುದಕ್ಕಿಂತ ಚಿಕ್ಕ ಕ್ಲಬ್ಬಿನಲ್ಲಿ ಆಡುವುದು ಒಳ್ಳೆಯದು. ಲೋನ್ ಕೊಡುವಾಗ ಅವನನ್ನು ಎಷ್ಟು ಆಡಿಸುತ್ತಾರೆ ಅಂತ ಒಪ್ಪಂದದಲ್ಲಿ ನೋಡಬೇಕು. ಆಡಿಸದಿದ್ದರೆ ವಾಪಸ್ ಕರೆಸುವ ಷರತ್ತು ಹಾಕಬೇಕು. ಹ್ಯಾರಿ ಕೇನ್ ಹೆಸರು ಕೇಳಿರಬಹುದು. ಚಿಕ್ಕವನಿದ್ದಾಗ ಆರ್ಸೆನಲ್ ಅವನನ್ನು ಬೇಡ ಅಂತ ಬಿಟ್ಟಿತು. ಆಮೇಲೆ ಟಾಟನ್‌ಹ್ಯಾಮ್ 2011ರಿಂದ 2013ರ ಒಳಗೆ ಅವನನ್ನು ಲೇಟನ್ ಓರಿಯೆಂಟ್, ಮಿಲ್‌ವಾಲ್, ನಾರ್ವಿಚ್, ಲೆಸ್ಟರ್ ಅಂತ ನಾಲ್ಕು ಕಡೆ ಲೋನ್ ಕಳಿಸಿತು. ಆಗ ನೋಡಿದವರು ಇವನೇ ಮುಂದೆ 2018ರ ವಿಶ್ವಕಪ್ಪಿನಲ್ಲಿ 6 ಗೋಲು ಹೊಡೆದು ಗೋಲ್ಡನ್ ಬೂಟ್ ತಗೊಳ್ತಾನೆ ಅಂತ ಹೇಳುತ್ತಿದ್ದರೋ ಇಲ್ಲವೋ, ನೀವೇ ಯೋಚನೆ ಮಾಡಿ.

ಐದನೆಯದು, ಎಲ್ಲ ಒಟ್ಟಿಗೆ ಕಲಿಸಲು ಹೋಗಬಾರದು. ಸಾಮರ್ಥ್ಯದ ಆ ನಂಬರು ಗೋಣಿಚೀಲದ ಹಾಗೆ. ಹಿಡಿಸುವಷ್ಟೇ ಹಿಡಿಸುತ್ತದೆ. ರಕ್ಷಣೆಯವನಿಗೆ ದೂರದಿಂದ ಗೋಲ್ ಹೊಡೆಯುವುದು, ಎಡಗಾಲಿನಲ್ಲಿ ಒದೆಯುವುದು ಅಂತ ಕಲಿಸುತ್ತಾ ಹೋದರೆ ಚೀಲದಲ್ಲಿ ಹೆಡಿಂಗಿಗೆ ಜಾಗ ಉಳಿಯುವುದಿಲ್ಲ. ಹುಡುಗನ ಜಾಗ ಯಾವುದು ಅಂತ ನೋಡಿ, ಒಂದು ಸಮಯಕ್ಕೆ ಒಂದು ವಿಷಯ. ತರಬೇತಿ ಹೆಚ್ಚಾದರೆ ಗಾಯ. ದೊಡ್ಡ ಗಾಯ ಅಂದರೆ ಬೆಳೆಯುವ ವಯಸ್ಸಿನಲ್ಲಿ ಒಂದು ವರ್ಷ ನೀರುಪಾಲು. ದೇಹದ ಬೆಳವಣಿಗೆ ಬೇಗ ಬರುತ್ತದೆ; ಎಲ್ಲಿ ನಿಲ್ಲಬೇಕು, ಯಾವಾಗ ಕಾಯಬೇಕು ಎಂಬ ಬುದ್ಧಿ ನಿಧಾನ. ಗೋಲ್‌ಕೀಪರುಗಳಂತೂ ತುಂಬ ತಡವಾಗಿ ಹಣ್ಣಾಗುವವರು.

ಈ ಐದನ್ನು ಹಿಡಿದ ಮೇಲೆ ನನ್ನ ಕ್ಲಬ್ಬು ಮೂರನೇ ದರ್ಜೆಗೆ ಹೋಯಿತು. ತಂಡದಲ್ಲಿ ನಾಲ್ಕು ಜನ ನಮ್ಮಲ್ಲೇ ಬೆಳೆದವರು.

ಆದರೆ ಈ ಗೇಮಿನಲ್ಲಿ ನನಗೆ ಒಪ್ಪಿಗೆಯಾಗದ ಒಂದು ಸಂಗತಿ ಉಂಟು. ಅದೇ ಆ ಪೊಟೆನ್ಶಿಯಲ್ ನಂಬರು. ಹುಡುಗ ಬಂದ ದಿನವೇ ಅವನ ಹಣೆಬರಹ ಬರೆದು ಮುಚ್ಚಿಟ್ಟಿದ್ದಾರೆ. ನಿಜವಾದ ಎಳೆಯ ಆಟಗಾರರ ವಿಷಯದಲ್ಲಿ ಸ್ವಲ್ಪ ಸಡಿಲ ಬಿಟ್ಟಿದ್ದಾರೆ. ಕೆಲವರಿಗೆ ಒಂದು ನಂಬರಿನ ಬದಲು ಇಷ್ಟರಿಂದ ಇಷ್ಟರ ತನಕ ಅಂತ ಇಟ್ಟು, ಪ್ರತಿ ಸಲ ಹೊಸ ಆಟ ಶುರು ಮಾಡಿದಾಗ ಅದರೊಳಗೆ ಎಲ್ಲೋ ಒಂದು ಕಡೆ ಬೀಳುವ ಹಾಗೆ ಮಾಡಿದ್ದಾರೆ. ಆದರೆ ಒಮ್ಮೆ ಬಿದ್ದ ಮೇಲೆ ಬಿದ್ದದ್ದೇ.

ಹಳೇ ಆವೃತ್ತಿಗಳನ್ನು ನೋಡಿದರೆ ತಮಾಷೆಯೂ ಆಗುತ್ತದೆ, ಬೇಜಾರೂ ಆಗುತ್ತದೆ. 2001-02ರ ಆವೃತ್ತಿಯಲ್ಲಿ ಮಿಲ್‌ವಾಲಿನ ಚೆರ್ನೋ ಸಾಂಬಾ ಎಂಬ ಹುಡುಗನನ್ನು ಕೊಂಡವರಿಗೆ ಗೋಲಿನ ಮಳೆ. ನಿಜ ಜೀವನದಲ್ಲಿ ಅವನು ಅಷ್ಟು ಎತ್ತರ ಏರಲಿಲ್ಲ. ಅಮೆರಿಕದ ಫ್ರೆಡ್ಡಿ ಅಡು 2004ರಲ್ಲಿ 14ನೇ ವಯಸ್ಸಿಗೇ ದೊಡ್ಡ ಲೀಗಿನಲ್ಲಿ ಆಡಿದ. ಗೇಮಿನಲ್ಲೂ ಅವನು ಭಾರೀ ಹೆಸರು. ಆಮೇಲೆ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ಅಲೆದದ್ದೇ ಹೆಚ್ಚು.

ಇನ್ನೊಂದು ಕಡೆ ಜೇಮಿ ವಾರ್ಡಿ. 16ರ ಹೊತ್ತಿಗೆ ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬು ಅವನನ್ನು ಕೈಬಿಟ್ಟಿತು. ಹಗಲು ಫ್ಯಾಕ್ಟರಿಯಲ್ಲಿ ದುಡಿದು, ಸ್ಟಾಕ್ಸ್‌ಬ್ರಿಜ್ ಎಂಬ ಚಿಕ್ಕ ಊರಿನ ತಂಡಕ್ಕೆ ಆಡುತ್ತಿದ್ದ. ಲೆಸ್ಟರ್ ಅವನನ್ನು ಕೊಂಡದ್ದು 2012ರಲ್ಲಿ, ಆಗ ಅವನಿಗೆ 25 ವಯಸ್ಸು. 2015-16ರಲ್ಲಿ ಸತತ 11 ಲೀಗ್ ಮ್ಯಾಚಿನಲ್ಲಿ ಗೋಲು ಹೊಡೆದ, ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. 16ರಲ್ಲಿ ಅವನ ನಂಬರು ಬರೆದಿದ್ದರೆ ಎಷ್ಟು ಬರೆಯುತ್ತಿದ್ದರು?

ಗೇಮ್ ಮಾಡುವವರಿಗೆ ಒಂದು ಮಾತು ಹೇಳುವ ಅವಕಾಶ ಸಿಕ್ಕರೆ ನಾನು ಹೇಳುವುದು ಇಷ್ಟೇ. ಆ ನಂಬರನ್ನು ಕಲ್ಲಿನ ಮೇಲೆ ಕೆತ್ತಬೇಡಿ. ಒಳ್ಳೆಯ ಹಿರಿಯ, ಒಂದು ಒಳ್ಳೆಯ ಸೀಸನ್ನು, ಊರು ಬಿಟ್ಟು ಬಂದ ಹುಡುಗನಿಗೆ ಅವನ ಭಾಷೆ ಮಾತಾಡುವ ಒಬ್ಬ ಗೆಳೆಯ, ಇವು ಆ ನಂಬರನ್ನೇ ಸ್ವಲ್ಪ ಮೇಲೆ ತಳ್ಳುವ ಹಾಗಿರಲಿ. 25ರಲ್ಲಿ ಅರಳುವವನಿಗೂ ಗೇಮಿನಲ್ಲಿ ಒಂದು ದಾರಿ ಇರಲಿ.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಅವರು ಪ್ರತಿ ಹೊಸ ಆವೃತ್ತಿಗೂ ಆ ಅಂಕಗಳನ್ನು ಮತ್ತೆ ನೋಡುತ್ತಾರೆ. ಮ್ಯಾಚಿಗೆ ಹೋಗಿ, ಕಣ್ಣಾರೆ ಕಂಡು, ಹಳೆಯದನ್ನು ತಿದ್ದುತ್ತಾರೆ. ಗೇಮಿನೊಳಗೆ ಗಟ್ಟಿಯಾಗಿ ಕಾಣುವ ನಂಬರು ಹೊರಗೆ ಯಾರೋ ಒಬ್ಬರ ಅಂದಾಜು. ತಪ್ಪಿದರೆ ಮುಂದಿನ ಸಲ ತಿದ್ದುವ ಅಂದಾಜು.

ಇಲ್ಲಿಂದ ಮುಂದೆ ಹೇಳುವುದು ನನಗೆ ಸ್ವಲ್ಪ ಕಷ್ಟ. ಆದರೆ ಹೇಳಲೇಬೇಕು ಅಂತ ಬಂದಿದ್ದೇನೆ.

ಒಂದು ದಿನ ರಾತ್ರಿ ಮಗನಿಗೆ ವರದಿ ಒಪ್ಪಿಸುತ್ತಿದ್ದೆ. ಆ ವರ್ಷದ ಹೊಸ ಹುಡುಗರು ಬಂದಿದ್ದರು, 16 ಜನ. ಸ್ಟಾರ್ ನೋಡಿದೆ, ಐದು ಜನರನ್ನು ಇಟ್ಟುಕೊಂಡೆ. "ಉಳಿದ 11 ಜನರನ್ನು ಒಂದೇ ಕ್ಲಿಕ್ಕಿನಲ್ಲಿ ಕಳಿಸಿದೆ" ಅಂತ ದೊಡ್ಡದಾಗಿ ಹೇಳಿದೆ. ಯಾವಾಗಲೂ ನಗುವವನು ನಗಲಿಲ್ಲ. "ಪಪ್ಪ, ಅವರು ಒಂದು ಮ್ಯಾಚ್ ಕೂಡ ಆಡಿರ್ಲಿಲ್ಲ ಅಲ್ವಾ?" ಅಂತ ಕೇಳಿದ. "ಎಂತ ಮಾಡುದು, ಸ್ಟಾರ್ ಇರ್ಲಿಲ್ಲ. ಸುಮ್ಮನೆ ಸಂಬಳ ಯಾಕೆ ಕೊಡುದು?" ಅಂದೆ. ಸ್ವಲ್ಪ ಹೊತ್ತು ಬಿಟ್ಟು ಅವನು, "ನೀವು ನನಗೂ ಹಾಗೇ ಹೇಳಿದ್ದು" ಅಂದ.

ನನಗೆ ಮೊದಲು ಅರ್ಥ ಆಗಲಿಲ್ಲ. ಫೋನ್ ಇಟ್ಟ ಮೇಲೆ ನೆನಪಾಯಿತು. ಅವನು ಎಂಟನೇ ಕ್ಲಾಸಿನಲ್ಲಿದ್ದಾಗ ಶಾಲೆಯ ತಂಡಕ್ಕೆ ಆಯ್ಕೆ ಇತ್ತು. ಅವನು ಆಯ್ಕೆ ಆಗಲಿಲ್ಲ. ಆ ದಿನ ನನಗೆ ಇಲ್ಲಿ ಸ್ಟಾಕ್ ಲೆಕ್ಕದ ಗಡಿಬಿಡಿ. ಅವನು ಫೋನಿನಲ್ಲಿ ಹೇಳಿದ ಕೂಡಲೇ, "ಹೋಗ್ಲಿ ಬಿಡು, ಅದು ನಿನ್ನಿಂದ ಆಗುವಂಥದ್ದಲ್ಲ. ಓದುವುದು ನೋಡು" ಅಂತ ಹೇಳಿ ಫೋನ್ ಇಟ್ಟಿದ್ದೆ. ಸಮಾಧಾನ ಮಾಡಿದೆ ಅಂತಲೇ ನಾನು ತಿಳಿದದ್ದು. ಆದರೆ ಆ ಹೊತ್ತಿಗೆ ನನ್ನ ಮಗ ಆಡುವುದನ್ನು ನಾನು ಒಂದು ಸಲವೂ ನೋಡಿರಲಿಲ್ಲ. ರಿಯಾದಿನಿಂದ ಫೋನಿನಲ್ಲಿ ಅವನ ಪೊಟೆನ್ಶಿಯಲ್ ಬರೆದುಬಿಟ್ಟಿದ್ದೆ. ಗೇಮಿನ ಜನರಾದರೂ ಮ್ಯಾಚ್ ನೋಡಿ ಬರೆಯುತ್ತಾರೆ.

ಮರುದಿನ ಫೋನ್ ಮಾಡಿ, "ಅವತ್ತು ನಾನು ಹಾಗೆ ಹೇಳಬಾರದಿತ್ತು" ಅಂದೆ. ಅವನು "ಹ್ಞಾಂ, ಆಯ್ತು" ಅಂದು ತನ್ನ ಕ್ಲಬ್ಬಿನ ವಿಷಯಕ್ಕೆ ಹೋದ. ಆ ವಯಸ್ಸಿನ ಮಕ್ಕಳು ಅಷ್ಟೇ. ಆಮೇಲೆ ಹೆಂಡತಿ ಹೇಳಿದಳು, ಆಯ್ಕೆ ಆಗದಿದ್ದರೂ ಅವನು ಸಂಜೆ ಆಡುವುದನ್ನು ಬಿಟ್ಟಿರಲಿಲ್ಲವಂತೆ. ನನಗೆ ಹೇಳುವುದನ್ನು ಮಾತ್ರ ಬಿಟ್ಟಿದ್ದ.

ಈ ಸಲ ರಜೆಯನ್ನು ಮಳೆಗಾಲಕ್ಕೆ ಬದಲಾಯಿಸಿಕೊಂಡೆ. ಮಂಗಳೂರಿನಲ್ಲಿ ಫುಟ್‌ಬಾಲ್ ನೋಡಬೇಕಾದರೆ ಮಳೆಗಾಲದಲ್ಲೇ ನೋಡಬೇಕು. ನೆಹರೂ ಮೈದಾನದಲ್ಲಿ ಕೊಡೆ ಹಿಡಿದು ನಿಂತೆ. ಈಗ ಅವನು ಹತ್ತನೇ ಕ್ಲಾಸು, ಶಾಲೆಯ ತಂಡದಲ್ಲಿದ್ದಾನೆ, ಆದರೆ ಬದಲಿ ಆಟಗಾರ. ಕೊನೆಯ 12 ನಿಮಿಷ ಬಿಟ್ಟರು. ಕೆಸರಿನಲ್ಲಿ ಎರಡು ಸಲ ಜಾರಿ ಬಿದ್ದ, ಒಂದು ಒಳ್ಳೆಯ ಪಾಸು ಕೊಟ್ಟ, ಅದನ್ನು ಮುಂದಿದ್ದವನು ಹಾಳು ಮಾಡಿದ. ತಂಡ ಸೋತಿತು. ಬಸ್ಸಿನಲ್ಲಿ ಬರುವಾಗ ಅವನು, "ಎಷ್ಟು ಕೊಡ್ತೀರಿ?" ಅಂತ ಕೇಳಿದ. ಗೇಮಿನಲ್ಲಿ ಮ್ಯಾಚ್ ಮುಗಿದ ಮೇಲೆ ಪ್ರತಿಯೊಬ್ಬರಿಗೆ 10ಕ್ಕೆ ಇಷ್ಟು ಅಂತ ಅಂಕ ಬರುತ್ತದೆ, ಅದನ್ನು ಕೇಳಿದ್ದು. "6.8" ಅಂದೆ. "ಆ ಪಾಸಿಗೆ ಇನ್ನು ಸ್ವಲ್ಪ ಕೊಡಬಹುದಿತ್ತು" ಅಂದ. ಅದು ಹೌದು. ಆದರೆ ನಾನು ಹೆಚ್ಚು ಕೊಟ್ಟಿದ್ದರೆ ಅವನು ನಂಬುತ್ತಿರಲಿಲ್ಲ.

ನನ್ನ ಮಗ ದೊಡ್ಡ ಆಟಗಾರ ಆಗುತ್ತಾನೆ ಅಂತ ನಾನು ಹೇಳುತ್ತಿಲ್ಲ. ಬಹುಶಃ ಆಗುವುದಿಲ್ಲ. ಆಗುವುದಿಲ್ಲ ಅಂತಲೂ ಅವನಿಗೆ ಈಗ ಹೇಳಲು ಹೋಗುವುದಿಲ್ಲ. ಆ ಕೆಲಸ ನನ್ನದಲ್ಲ. ನನ್ನ ಕೈಯಲ್ಲಿರುವುದು ನಡುವಿನ ಆ 40 ಮಾತ್ರ: ಯಾರ ಜೊತೆ ಇರುತ್ತಾನೆ, ಆಡಲು ಸಮಯ ಸಿಗುತ್ತದಾ, ಗಾಯ ಆದರೆ ಕಾಯುತ್ತೇವಾ, ಒಂದೇ ಸಲ ಹತ್ತು ಟ್ಯೂಶನ್ನಿಗೆ ಹಾಕುತ್ತೇವಾ. ಹತ್ತನೇ ಕ್ಲಾಸಿನ ವರ್ಷ ಆಟ ಬೇಕಾ ಅಂತ ಮನೆಯಲ್ಲಿ ಚರ್ಚೆ ಆಯಿತು. ವಾರಕ್ಕೆ ಮೂರು ಸಂಜೆ ಅಂತ ತೀರ್ಮಾನ. ಗಣಿತದಲ್ಲಿ ಅವನು ಸ್ವಲ್ಪ ಹಿಂದೆ. ಅದಕ್ಕೆ ಮೇಲಿನ ಮನೆಯ, ಇಂಜಿನಿಯರಿಂಗ್ ಓದುವ ಹುಡುಗನ ಹತ್ತಿರ ಕೂರಿಸಿದ್ದೇವೆ. ಮೆಂಟರಿಂಗ್ ಗುಂಪಿಗೆ ಮೂವರು ಬೇಕು ಅಂತ ಮಗನೇ ತನ್ನ ಗೆಳೆಯನನ್ನೂ ಕರೆದುಕೊಂಡು ಹೋಗುತ್ತಾನೆ.

ನಿಮ್ಮ ಹತ್ತಿರ ನನ್ನ ಕೋರಿಕೆ ಎರಡು. ಊರಲ್ಲಿ ಮಕ್ಕಳಿದ್ದವರು ಇವತ್ತು ಫೋನ್ ಮಾಡುವಾಗ ಮಾರ್ಕ್ಸ್ ಕೇಳುವ ಮೊದಲು ಇನ್ನೊಂದು ಏನಾದರೂ ಕೇಳಿ. ಅವರು ಆಡುವ ಗೇಮಿನ ಬಗ್ಗೆ ಕೇಳಿದರೂ ಸಾಕು, ಅರ್ಥ ಆಗದಿದ್ದರೆ ಅವರೇ ಕಲಿಸುತ್ತಾರೆ. ಎರಡನೆಯದು, ಬಳಗದ ಹಿರಿಯರಿಗೆ. ಈ ವರ್ಷ ಊರಿಂದ ಹೊಸದಾಗಿ ಬಂದ ಹುಡುಗರು ಈ ಸಭೆಯಲ್ಲೇ ಹಿಂದಿನ ಸಾಲಿನಲ್ಲಿ ಏಳೆಂಟು ಜನ ಇದ್ದಾರೆ. ಅವರನ್ನು ಕುರ್ಚಿ ಜೋಡಿಸಲು ಮಾತ್ರ ಕರೆಯಬೇಡಿ. ನಿಮ್ಮ ಜೊತೆ ಕೂರಿಸಿಕೊಳ್ಳಿ, ಕೆಲಸ ಕಲಿಸಿ. ಬಂದ ಆರು ತಿಂಗಳಿಗೇ ಇವನು ಇಷ್ಟೇ ಅಂತ ಬರೆದುಬಿಡಬೇಡಿ.

  ನನ್ನ ಕ್ಲಬ್ಬಿಗೆ ನಾಳೆ ಮ್ಯಾಚ್ ಉಂಟು. ಆ ಹನ್ನೊಂದು ಜನರನ್ನು ಕಳಿಸಿದ ಮೇಲೆ ಬಂದ ಮುಂದಿನ ವರ್ಷದ ಗುಂಪಿನಲ್ಲಿ ಎರಡೇ ಸ್ಟಾರಿನ ಒಬ್ಬ ಹುಡುಗ ಇದ್ದಾನೆ. ಮಗನ ಮಾತು ಕೇಳಿ ಅವನನ್ನು ಇಟ್ಟುಕೊಂಡಿದ್ದೇನೆ. ನಾಳೆ ಅವನನ್ನು ಆಡಿಸುತ್ತೇನೆ.